ಪೂಜೆಯಾಗದ ಲ್ಯಾಪ್‌ಟಾಪ್

ಬಿಂದುಶ್ರೀಯನ್ನು ದೊರೆಸ್ವಾಮಿ ಫೋನಿಗೆ ಕೂರಿಸಿದ್ದು ಒಂದು ವಾರದ ಮಟ್ಟಿಗೆ. ಆ ವಾರ ಎರಡು ವರ್ಷ ನಡೆಯಿತು.

ಕುವೆಂಪುನಗರದ ಒಂದು ಮನೆಯ ಮಹಡಿಯೇ ಅವರ ಆಫೀಸು. ಕೆಳಗಡೆ ಕಂಪನಿಯ ಮಾಲೀಕ ದೊರೆಸ್ವಾಮಿ ಮತ್ತು ಅವರ ತಾಯಿ ವೇದವತಮ್ಮನವರ ವಾಸ. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಡಬೇಕು. ಮಹಡಿಯ ಮೇಲೆ ಇಂಜಿನಿಯರುಗಳೆಲ್ಲ ಬರಿಗಾಲಲ್ಲಿ ಓಡಾಡುತ್ತಾರೆ. ಕೆಳಗೆ ಒಗ್ಗರಣೆ ಬಿದ್ದರೆ ಮೇಲೆ ಎಲ್ಲರೂ ಒಟ್ಟಿಗೆ ಸೀನುತ್ತಾರೆ. ಕಂಪನಿ ಮಾಡಿ ಮಾರುವುದು ಒಂದೇ ಸಾಮಾನು, ಲಾಡ್ಜುಗಳಲ್ಲಿ ರೂಮು ಬುಕ್ ಮಾಡುವ ಸಾಫ್ಟ್‌ವೇರ್. ಹೆಸರು ‘ರೂಮುಂಟು’. ದೊರೆಸ್ವಾಮಿ ಇಂಗ್ಲಿಷಿನಲ್ಲಿ ಏನೇನೋ ಹೆಸರು ಹುಡುಕುತ್ತಿದ್ದಾಗ ವೇದವತಮ್ಮ, “ಬಂದವರು ಕೇಳೋದು ಒಂದೇ, ರೂಮುಂಟಾ ಅಂತ. ಉಂಟು ಅಂದ್ರೆ ಮುಗೀತಲ್ಲ” ಎಂದಿದ್ದರು.

ಏನಾದರೂ ಕೆಟ್ಟರೆ ಲಾಡ್ಜಿನವರು ಫೋನ್ ಮಾಡುತ್ತಿದ್ದರು. ಕೆಡದಿದ್ದರೂ ಮಾಡುತ್ತಿದ್ದರು. ಕರೆಂಟು ಹೋದರೆ, ಗಿರಾಕಿ ಟವೆಲ್ ಕದ್ದರೆ, ಮಗನ ಮದುವೆ ಗೊತ್ತಾದರೆ ಕೂಡ ರೂಮುಂಟಿಗೇ ಫೋನು. ಬಿಂದುಶ್ರೀ ಸ್ಪಂಜು ಕಿತ್ತುಹೋದ ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, “ನಮಸ್ಕಾರ, ರೂಮುಂಟು, ನಾನು ಬಿಂದುಶ್ರೀ ಮಾತಾಡ್ತಿದ್ದೀನಿ” ಎನ್ನುತ್ತಿದ್ದಳು. ಇದು ಎಷ್ಟರಮಟ್ಟಿಗೆ ನಾಲಗೆಗೆ ಅಂಟಿತ್ತೆಂದರೆ, ಒಮ್ಮೆ ಊರಿಗೆ ಹೋಗಿದ್ದಾಗ ಬೆಳಿಗ್ಗೆ ಅವ್ವ ಅಲ್ಲಾಡಿಸಿ ಎಬ್ಬಿಸಿದರೂ ಅದೇ ಬಾಯಿಗೆ ಬಂತು. “ನಾನು ಕೆಂಚಮ್ಮ ಮಾತಾಡ್ತಿವ್ನಿ. ಏಳು, ಕಾಫಿ ಆರೋಯ್ತದೆ” ಎಂದಳು ಅವ್ವ.

ಕೊನೆಗೆ ಟೆಸ್ಟಿಂಗ್ ಮಾಡುವವನೊಬ್ಬ ಕೆಲಸ ಬಿಟ್ಟಾಗ ಬಿಂದುಶ್ರೀ ದೊರೆಸ್ವಾಮಿಯ ಬೆನ್ನು ಬಿದ್ದು ಆ ಕುರ್ಚಿ ಗಿಟ್ಟಿಸಿಕೊಂಡಳು. ಕೆಲಸ ಅವಳಿಗೆ ಹಿಡಿಸಿಬಿಟ್ಟಿತು. ಒಂದು ಸಾಫ್ಟ್‌ವೇರ್ ಇನ್ನೊಂದು ಸಾಫ್ಟ್‌ವೇರಿನ ಜೊತೆ ಮಾತಾಡುವ ಕಿಂಡಿಗೆ ಎಪಿಐ ಎನ್ನುತ್ತಾರೆ. ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಂಡಿ ಇದ್ದಂತೆ: ಒಳಗೆ ಚೀಟಿ ತೂರಿಸಿದರೆ ಒಳಗಿನಿಂದ ಉತ್ತರ ಬರುತ್ತದೆ. ರೂಮು ಉಂಟಾ ಎಂದು ಚೀಟಿ ಹೋದರೆ ಉಂಟು ಅಥವಾ ಇಲ್ಲ ಎಂದು ಬರಬೇಕು. ಟೆಸ್ಟಿಂಗ್ ಮಾಡುವವರ ಕೆಲಸ ಒಂದು ನಕಲು ಲಾಡ್ಜನ್ನು ಇಟ್ಟುಕೊಂಡು ಅದರ ಕಿಂಡಿಗೆ ಸರಿಯಾದ ಚೀಟಿ, ತಲೆಕೆಟ್ಟ ಚೀಟಿ, ಫೆಬ್ರವರಿ ಮೂವತ್ತಕ್ಕೆ ರೂಮು ಕೇಳುವ ಚೀಟಿ, ಎಲ್ಲವನ್ನೂ ತೂರಿಸಿ ಒಳಗಿನವನು ಎಲ್ಲಿ ಎಡವುತ್ತಾನೆ ನೋಡುವುದು. ಎರಡು ವರ್ಷ ಜನರ ತಲೆಕೆಟ್ಟ ಪ್ರಶ್ನೆ ಕೇಳಿದ್ದ ಬಿಂದುಶ್ರೀಗೆ ಇದರಲ್ಲಿ ಬಂಡವಾಳ ಬೇಕಾದಷ್ಟಿತ್ತು.

ತೊಂದರೆ ಇದ್ದದ್ದು ಆಯುಧದ್ದು. ಪಕ್ಕದ ಕುರ್ಚಿಯ ಪ್ರದ್ಯುಮ್ನನೂ ಟೆಸ್ಟಿಂಗ್ ಮಾಡುತ್ತಿದ್ದ. ಅವನು ಬಳಸುತ್ತಿದ್ದದ್ದು ‘ಗ್ಲೈಡ್ಲಿ’. ತೆರೆದರೆ ಬಣ್ಣಬಣ್ಣದ ಗುಂಡಿಗಳು, ಒತ್ತಿದರೆ ಚೀಟಿ ಹೋಗುತ್ತದೆ, ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಬಣ್ಣದ ಕಾಗದದ ಚೂರು ಉದುರುತ್ತವೆ. ಬಿಂದುಶ್ರೀಯದು ‘ಚಿಟ್’. ಅದರಲ್ಲಿ ಗುಂಡಿಯೇ ಇಲ್ಲ. ಯಾವ ಚೀಟಿ ಹೋಗಬೇಕು, ಏನು ಉತ್ತರ ಬರಬೇಕು ಎಂದು ಸಾದಾ ಅಕ್ಷರಗಳಲ್ಲಿ ಬರೆದಿಟ್ಟು ಕಪ್ಪು ಪರದೆಯಲ್ಲಿ ಓಡಿಸಬೇಕು. ಅವನ ಟೆಸ್ಟು ಇವಳದರಲ್ಲಿ ಓಡುವುದಿಲ್ಲ, ಇವಳದು ಅವನದರಲ್ಲಿ ಓಡುವುದಿಲ್ಲ. ಒಂದೇ ಕೆಲಸವನ್ನು ಇಬ್ಬರೂ ಬೇರೆ ಬೇರೆ ಮಾಡುತ್ತಿದ್ದುದು ದೊರೆಸ್ವಾಮಿಗೆ ಗೊತ್ತಾಗಲು ನವರಾತ್ರಿ ಬರಬೇಕಾಯಿತು.

“ಒಂದೇ ಟೂಲ್ ಇರ್ಲಿ,” ಎಂದರು. “ಯಾವುದು ಒಳ್ಳೇದು ಅಂತ ಇಬ್ರೂ ತೋರ್ಸಿ. ಗೆದ್ದಿದ್ದನ್ನ ಈ ಸಲ ಆಯುಧಪೂಜೆಗೆ ಇಡೋಣ. ಒಂದೇ ಟೂಲ್ ಅಂದ್ಮೇಲೆ ಟೆಸ್ಟಿಂಗ್‌ಗೆ ಒಬ್ರು ಸಾಕು. ಇನ್ನೊಬ್ರು ಫೋನ್ ನೋಡ್ಕೊಳ್ಳಿ. ದಸರಾ ಸೀಸನ್ನು.”

ಬಿಂದುಶ್ರೀಗೆ ಕಿವಿಯ ಮೇಲೆ ಸ್ಪಂಜಿಲ್ಲದ ಪ್ಲಾಸ್ಟಿಕ್ಕು ಒತ್ತಿದಂತಾಯಿತು.

“ನೀನು ಹೋಗಲ್ವೇನೋ ಫೋನಿಗೆ?” ಎಂದು ಊಟದ ಡಬ್ಬಿ ಬಿಚ್ಚುತ್ತಾ ಪ್ರದ್ಯುಮ್ನನನ್ನು ಕೇಳಿದಳು. ಅವನು ಅರಮನೆ ಉದ್ಯೋಗದಲ್ಲಿದ್ದ ವಂಶದವನು. ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ, ಹೇಳುವ ಕೆಲಸವನ್ನು ವೇದವತಮ್ಮ ವಹಿಸಿಕೊಂಡಿದ್ದರು.

“ನಂಗೆ ಗೊತ್ತಿಲ್ಲದವರ ಹತ್ರ ಹಲೋ ಅಂದ್ರೇ ಬೆವರತ್ತೆ ಕಣೇ. ನೀನು ಎರಡು ವರ್ಷ ಮಾಡಿದ್ದೀಯ. ಅನುಭವ ಇದೆ.”

“ಜೈಲಲ್ಲಿ ಇದ್ದೋರಿಗೂ ಅನುಭವ ಇರ್ತದೆ. ಅದಕ್ಕೇಂತ ವಾಪಸ್ ಕರೀತಾರಾ?”

ಪ್ರದ್ಯುಮ್ನ ತನ್ನ ಡಬ್ಬಿಯ ಬಿಸಿಬೇಳೆಬಾತಿನಲ್ಲಿ ಅರ್ಧ ಅವಳ ತಟ್ಟೆಗೆ ಹಾಕಿದ. ಗೋಡಂಬಿಯನ್ನು ಮಾತ್ರ ತನ್ನ ಕಡೆಗೆ ಸರಿಸಿಕೊಂಡ.

ಪರೀಕ್ಷೆಯ ದಿನ ದೊರೆಸ್ವಾಮಿ ತಾಯಿಯನ್ನೂ ಮೇಲಕ್ಕೆ ಕರೆದುಕೊಂಡು ಬಂದರು. ಸಾಮಾನ್ಯ ಜನರ ಅಭಿಪ್ರಾಯವೂ ಬೇಕು ಎಂದು ಅವರ ವಾದ. ವೇದವತಮ್ಮ ಹೂಬತ್ತಿ ಹೊಸೆಯುತ್ತಾ ತಿರುಗುವ ಕುರ್ಚಿಯಲ್ಲಿ ಕೂತರು. ಕುರ್ಚಿ ತಿರುಗಿದಾಗಲೆಲ್ಲ ನಗುತ್ತಿದ್ದರು.

ಮೊದಲು ಪ್ರದ್ಯುಮ್ನ. ಗುಂಡಿ ಒತ್ತಿದ, ಹಸಿರು. ಇನ್ನೊಂದು, ಹಸಿರು. ರೂಮು ಬುಕ್ ಮಾಡು, ರದ್ದು ಮಾಡು, ತಾರೀಖು ಬದಲಿಸು, ಎಲ್ಲ ಹಸಿರು. ಕೊನೆಗೆ ಪರದೆಯ ತುಂಬ ಕಾಗದದ ಚೂರು ಉದುರಿ, ಒಂದು ಸಣ್ಣ ತುತ್ತೂರಿಯೂ ಊದಿತು. ದೊರೆಸ್ವಾಮಿ ಚಪ್ಪಾಳೆ ತಟ್ಟಿದರು. “ಇನ್ನೊಂದ್ಸಲ ಮಾಡು” ಎಂದರು. ಎರಡನೇ ಸಲವೂ ತಟ್ಟಿದರು.

ಆಮೇಲೆ ಬಿಂದುಶ್ರೀ. ಅವಳ ಸ್ವಂತ ಲ್ಯಾಪ್‌ಟಾಪು, ಹಳೆಯದು, ಸ್ಪೇಸ್ ಬಾರನ್ನು ಎಡತುದಿಯಲ್ಲಿ ಒತ್ತಿದರೆ ಮಾತ್ರ ಕೇಳುತ್ತಿತ್ತು. ಕಪ್ಪು ಪರದೆಯ ಮೇಲೆ ಹಸಿರು ಸಾಲುಗಳು ಒಂದರ ಕೆಳಗೊಂದು ಓಡಿದವು. ಕಡೆಯ ಸಾಲು ಕೆಂಪಾಯಿತು.

“ಇದೇನು?” ಎಂದರು ದೊರೆಸ್ವಾಮಿ.

“ಒಂದೇ ರೂಮಿಗೆ ಇಪ್ಪತ್ತು ಜನ ಒಂದೇ ಕ್ಷಣದಲ್ಲಿ ಬುಕ್ ಮಾಡಿದ್ರೆ ಏನಾಗುತ್ತೆ ಅಂತ ಒಂದು ಟೆಸ್ಟ್ ಸರ್. ಒಬ್ಬರಿಗೆ ಉಂಟು ಅನ್ಬೇಕು, ಮಿಕ್ಕವರಿಗೆ ಇಲ್ಲ ಅನ್ಬೇಕು. ಹಾಗೆ ಬಂದಿಲ್ಲ.”

“ಅಂದ್ರೆ ನಿನ್ನ ಟೂಲ್ ಫೇಲು.”

“ಟೂಲಲ್ಲ ಸರ್. ತಪ್ಪು ಕಿಂಡೀದೂ ಇರಬಹುದು.”

“ಕಿಂಡಿ ಬರ್ದಿದ್ದು ನಾನು,” ಎಂದರು ದೊರೆಸ್ವಾಮಿ.

ಆಮೇಲೆ ತಾವೇ ಸ್ವಲ್ಪ ಮೆತ್ತಗಾಗಿ, “ಒಂದೇ ಕ್ಷಣದಲ್ಲಿ ಇಪ್ಪತ್ತು ಜನ ಯಾಕಮ್ಮಾ ಒಂದೇ ರೂಮು ಕೇಳ್ತಾರೆ? ಮೈಸೂರಲ್ಲಿ ಯಾರಿಗಿದೆ ಅಷ್ಟು ಅರ್ಜೆಂಟು?” ಎಂದರು. ಬಿಂದುಶ್ರೀಗೂ ಅನುಮಾನ ಬಂತು, ಎಲ್ಲೋ ತಾನೇ ತಪ್ಪು ಬರೆದಿದ್ದೇನೆ ಎಂದು. ಹುಡುಕಲು ವ್ಯವಧಾನ ಸಿಗಲಿಲ್ಲ. “ಅವನದು ಪೂರ್ತಿ ಹಸಿರು, ನಿಂದರಲ್ಲಿ ಕೆಂಪು. ಎಲ್ಲಾರ ಕಣ್ಣಿಗೂ ಕಾಣ್ತಿದೆ” ಎಂದು ದೊರೆಸ್ವಾಮಿ ಎದ್ದರು.

“ಕೆಂಪು ಶುಭ ಅಲ್ವೇನೋ?” ಎಂದರು ವೇದವತಮ್ಮ, ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗ್ಲೈಡ್ಲಿ ಗೆದ್ದಿತು. ಹಬ್ಬ ಮುಗಿದ ಮೇಲೆ ಬಿಂದುಶ್ರೀ ಫೋನಿಗೆ ವಾಪಸು ಎಂದಾಯಿತು.

ಆಯುಧಪೂಜೆಯ ಬೆಳಿಗ್ಗೆ ಮಹಡಿ ಗುರುತು ಸಿಗದ ಹಾಗಿತ್ತು. ಮೇಜುಗಳನ್ನು ಜೋಡಿಸಿ, ಮೇಲೆ ವೇದವತಮ್ಮನವರ ಹಳೆಯ ರೇಷ್ಮೆ ಸೀರೆ ಹಾಸಿ, ಆಫೀಸಿನ ಲ್ಯಾಪ್‌ಟಾಪುಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಸರ್ವರಿನ ಪೆಟ್ಟಿಗೆಗೆ ಸೇವಂತಿಗೆ ಹಾರ. ಪ್ರಿಂಟರಿಗೆ ಹಾರ. ಕಾಫಿ ಮೆಷೀನಿಗೂ ಒಂದು ಹಾರ. ಅದು ಕೆಟ್ಟು ವರ್ಷವಾಗಿತ್ತು. ನಡುವೆ ಪ್ರದ್ಯುಮ್ನನ ಲ್ಯಾಪ್‌ಟಾಪು, ತೆರೆದಿಟ್ಟ ಪರದೆಯ ಮೇಲೆ ಗ್ಲೈಡ್ಲಿ, ಅದರ ಹಣೆಗೆ ದೊಡ್ಡ ಕುಂಕುಮ. ಗೇಟಿನ ಹತ್ತಿರ ಬೂದುಗುಂಬಳ ಒಡೆದು, ಸ್ಕೂಟರುಗಳ ಚಕ್ರದಡಿ ನಿಂಬೆಹಣ್ಣು ಪಚಕ್ಕೆನಿಸಿ, ಎಲ್ಲರ ಕೈಗೂ ಕಡ್ಲೆಪುರಿ ಕೊಟ್ಟಾಯಿತು.

ಬಿಂದುಶ್ರೀ ತನ್ನ ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಸೋತ ಆಯುಧಕ್ಕೆಂಥ ಪೂಜೆ ಎಂದುಕೊಂಡು ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಳು.

“ಇನ್ನು ನಾಳೆ ಬೆಳಿಗ್ಗೆ ನಾನು ಎತ್ತೋವರೆಗೂ ಇದನ್ನ ಯಾರೂ ಮುಟ್ಟಕೂಡದು,” ಎಂದರು ವೇದವತಮ್ಮ, ಆರತಿ ತಟ್ಟೆ ಕೆಳಗಿಡುತ್ತಾ. “ಆಯುಧಕ್ಕೂ ಒಂದು ದಿನ ರಜಾ ಬೇಡ್ವೆ?”

ರಜಾ ಇಲ್ಲದಿದ್ದದ್ದು ಫೋನಿಗೆ ಮಾತ್ರ. ದಸರೆಯಲ್ಲಿ ಲಾಡ್ಜುಗಳು ತುಂಬಿರುವಾಗ ಫೋನ್ ಮುಚ್ಚುವಂತಿಲ್ಲ. ಅದಕ್ಕೆ ಪೂಜೆ ಮಾಡಿರಲಿಲ್ಲ. “ಹೇಗೂ ಆಮೇಲೆ ನೀನೇ ತಾನೆ. ಇವತ್ತಿಂದ್ಲೇ ಕೂತ್ಬಿಡು” ಎಂದರು ದೊರೆಸ್ವಾಮಿ. ಬಿಂದುಶ್ರೀ ಬಾಯಲ್ಲಿ ಕಡ್ಲೆಪುರಿ ಇರುವಾಗಲೇ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಅದು ಅವಳ ಕಿವಿಯ ಅಳತೆಯನ್ನು ಮರೆತಿರಲಿಲ್ಲ.

ಕಡ್ಲೆಪುರಿ ನುಂಗುವಷ್ಟರಲ್ಲಿ ಫೋನು.

“ನಮಸ್ಕಾರ, ರೂಮುಂಟು, ನಾನು...”

“ರೂಮಿಲ್ಲ ಕಣಮ್ಮ,” ಎಂದಿತು ಆ ಕಡೆಯ ಧ್ವನಿ. ದೇವರಾಜ ಮೊಹಲ್ಲಾದಲ್ಲಿ ಲಾಡ್ಜು ಇಟ್ಟಿದ್ದ ಶಿವಮಲ್ಲಪ್ಪನವರು. “ನಿಮ್ದು ರೂಮುಂಟು ಅಂತದೆ, ನನ್ ತಾವ ರೂಮಿಲ್ಲ. ಒಂದೇ ರೂಮ್ನ ಮೂರ್ ಸಂಸಾರಕ್ಕೆ ಕೊಟ್ಬುಟ್ಟದೆ. ಮೂರು ಜನವೂ ಮೊಬೈಲ್ ತೋರುಸ್ತಾವ್ರೆ. ಮೂರರಲ್ಲೂ ಉಂಟು ಅಂತ್ಲೇ ಅದೆ.”

“ಒಂದೇ ರೂಮಾ ಸರ್?”

“ಒಂದೇ. ಹಾಸನದ ಮೇಷ್ಟ್ರು ಸಂಸಾರ ಒಳಗ್ ಹೋಗಿ ಸ್ನಾನಕ್ಕೆ ನಿಂತದೆ. ಗದಗದೋರು ಹಜಾರ್ದಲ್ಲಿ ರೊಟ್ಟಿ ಗಂಟು ಬಿಚ್ಕೊಂಡು ಕುಂತವ್ರೆ. ಮೂರನೇದು ಹೊಸದಾಗಿ ಮದ್ವೆ ಆಗಿರೋ ಜೋಡಿ. ಅವು ಬಾಯೇ ಬುಡ್ತಾ ಇಲ್ಲ, ನನ್ನೇ ನೋಡ್ಕೊಂಡು ನಿಂತವೆ. ನಾನೇನು ಮಾಡ್ಲವ್ವ?”

ಹಿಂದಿನಿಂದ ಯಾರೋ ಸೋಪು ಕೇಳುತ್ತಿದ್ದುದು ಬಿಂದುಶ್ರೀಗೆ ಕೇಳಿಸಿತು.

ಅವಳ ಕಣ್ಣ ಮುಂದೆ ಆ ಕೆಂಪು ಸಾಲು ಬಂದು ನಿಂತಿತು. ಒಂದೇ ರೂಮು, ಒಂದೇ ಕ್ಷಣ, ಅನೇಕ ಚೀಟಿ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಶಿವಮಲ್ಲಪ್ಪನವರ ಸಂಕಟಕ್ಕಲ್ಲ, ತಾನು ತಪ್ಪು ಬರೆದಿರಲಿಲ್ಲ ಎನ್ನುವುದಕ್ಕೆ. ಕೆನ್ನೆ ಕಚ್ಚಿಕೊಂಡು, “ಒಂದು ನಿಮಿಷ ಲೈನಲ್ಲಿರಿ ಸರ್” ಎಂದಳು.

ದೊರೆಸ್ವಾಮಿಗೆ ವಿಷಯ ಹೇಳಿದಾಗ ಅವರ ಕೈಯಲ್ಲಿದ್ದ ಬಾಳೆಹಣ್ಣು ಹಾಗೇ ನಿಂತಿತು. ಊರಿಗೆ ಊರೇ ರೂಮು ಹುಡುಕುತ್ತಿರುವ ದಿನ. ಈಗ ಒಂದು ಲಾಡ್ಜು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಲಾಡ್ಜು.

“ಪ್ರದ್ಯುಮ್ನ, ತೆಗಿ ಲ್ಯಾಪ್‌ಟಾಪು,” ಎಂದರು.

ಪ್ರದ್ಯುಮ್ನ ಮೇಜಿನ ಕಡೆ ಕೈ ಚಾಚಿದ. ವೇದವತಮ್ಮ ಅಡ್ಡ ಬಂದು ನಿಂತರು. ಗಿಡ್ಡ ಹೆಂಗಸು, ಅವರ ತಲೆ ಪ್ರಿಂಟರಿನ ಹಾರದ ಮಟ್ಟಕ್ಕಿತ್ತು.

“ಅಮ್ಮಾ, ಒಂದೇ ಒಂದ್ಸಲ. ಹತ್ತು ನಿಮಿಷ,” ಎಂದರು ದೊರೆಸ್ವಾಮಿ.

“ನಿಮ್ಮ ತಾತನೂ ಅರಮನೆ ಉಗ್ರಾಣದಲ್ಲಿದ್ರು ಕಣೋ. ಬೀಗದ ಕೈಗೆ ಕುಂಕುಮ ಇಟ್ಟ ದಿನ ಮನೇಲಿ ಸಕ್ಕರೆ ಮುಗಿದ್ರೂ ಪಕ್ಕದ ಮನೇಲಿ ಈಸ್ಕೊಂಡ್ ಬರ್ತಿದ್ವಿ. ಬೀಗ ತೆಗೀಲಿಲ್ಲ.”

“ಅಲ್ಲಿ ಲಾಡ್ಜಲ್ಲಿ ಮೂರು ಸಂಸಾರ ಕೂತಿದೆ ಅಮ್ಮಾ.”

“ಕೂತಿರ್ಲಿ. ಹಬ್ಬದ ದಿನ ನಾಲ್ಕು ಜನ ಸೇರಿದ್ರೆ ಚೆಂದ.”

ದೊರೆಸ್ವಾಮಿಗೆ ನಲವತ್ತು ದಾಟಿತ್ತು, ಕಂಪನಿ ಅವರದು, ಮಹಡಿ ಅವರಮ್ಮನದು. ಅವರು ಮಹಡಿಯುದ್ದಕ್ಕೂ ಕಣ್ಣಾಡಿಸಿದರು. ಕಂಪ್ಯೂಟರ್ ಎನ್ನುವುದರ ಮೇಲೆಲ್ಲ ಕುಂಕುಮ. ಇಂಜಿನಿಯರುಗಳೆಲ್ಲ ಕೈಕಟ್ಟಿ ನಿಂತಿದ್ದರು, ಆಯುಧ ಕಳೆದುಕೊಂಡ ಸೈನ್ಯದ ಹಾಗಲ್ಲ, ರಜೆ ಸಿಕ್ಕ ಹುಡುಗರ ಹಾಗೆ.

“ನಂದಕ್ಕೆ ಪೂಜೆ ಆಗಿಲ್ಲ ಸರ್,” ಎಂದಳು ಬಿಂದುಶ್ರೀ.

ಎಲ್ಲರೂ ಅವಳ ಕಡೆ ತಿರುಗಿದರು. ಆಮೇಲೆ ಬಾಗಿಲ ಹಿಂದಿನ ಮೊಳೆಯ ಕಡೆ. ಆಮೇಲೆ ವೇದವತಮ್ಮನವರ ಕಡೆ. ವೇದವತಮ್ಮ ಮೊಳೆಯ ಕಡೆ ಕತ್ತು ಚಾಚಿದರು.

“ಕುಂಕುಮ ಬಿದ್ದಿಲ್ಲ ತಾನೆ? ಹಾಗಿದ್ರೆ ಅದು ಇನ್ನೂ ಕೆಲಸದಲ್ಲಿದೆ. ಮಾಡ್ಕೊ.”

“ತಗೊಂಬಾ, ಬೇಗ,” ಎಂದರು ದೊರೆಸ್ವಾಮಿ.

ಬಿಂದುಶ್ರೀ ಕದಲಲಿಲ್ಲ. “ಶಿವಮಲ್ಲಪ್ಪನವರು ಲೈನಲ್ಲಿದ್ದಾರೆ ಸರ್. ಈ ಹೆಡ್‌ಫೋನ್ ಯಾರಾದ್ರೂ ಹಾಕ್ಕೋಬೇಕು.” ಅದನ್ನು ತೆಗೆದು ಪ್ರದ್ಯುಮ್ನನ ಮುಂದೆ ಹಿಡಿದಳು.

ಪ್ರದ್ಯುಮ್ನ ಹಿಂದೆ ಹೆಜ್ಜೆಯಿಟ್ಟ. ಹಿಂದೆ ಕಾಫಿ ಮೆಷೀನು. “ನನ್ನ ಗ್ಲೈಡ್ಲೀನ ನಿನ್ನ ಲ್ಯಾಪ್‌ಟಾಪಲ್ಲೇ ತೆರೀಬಹುದು ಕಣೇ. ನಾನೇ ಮಾಡ್ತೀನಿ.”

“ತೆರಿ ನೋಡೋಣ.”

ತೆರೆದ. ಇದು ಹೊಸ ಯಂತ್ರ, ನಿಮ್ಮ ಹಳೆಯ ಯಂತ್ರದಲ್ಲಿ ‘ಹೌದು, ನಾನೇ’ ಎಂಬ ಗುಂಡಿಯನ್ನು ಒತ್ತಿ ಎಂದಿತು ಗ್ಲೈಡ್ಲಿ. ಹಳೆಯ ಯಂತ್ರವೆಂದರೆ ಪ್ರದ್ಯುಮ್ನನ ಲ್ಯಾಪ್‌ಟಾಪು, ಅದು ರೇಷ್ಮೆ ಸೀರೆಯ ಮೇಲೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ಅದರ ಪರದೆಯ ಮೇಲೆ, ಸೇವಂತಿಗೆಯ ಸಂದಿಯಲ್ಲಿ, ‘ಹೌದು, ನಾನೇ’ ಎಂಬ ಗುಂಡಿ ಮಿನುಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಪ್ರದ್ಯುಮ್ನನ ಬೆರಳು ಅತ್ತ ಒಂದಿಷ್ಟು ಚಾಚಿತು.

“ಹ್ಞೂಂ,” ಎಂದರು ವೇದವತಮ್ಮ. ಬೆರಳು ವಾಪಸ್ಸಾಯಿತು.

ಪ್ರದ್ಯುಮ್ನ ಹೆಡ್‌ಫೋನ್ ಹಾಕಿಕೊಂಡ. ಹಣೆಯ ಮೇಲೆ ಬೆವರು ಅದಾಗಲೇ ಮೂಡಿತ್ತು.

ಬಿಂದುಶ್ರೀ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟು ಚಿಟ್ ಓಡಿಸಿದಳು. ನಕಲು ಲಾಡ್ಜಿನ ಕಿಂಡಿಗೆ ಇಪ್ಪತ್ತು ಚೀಟಿ ಒಟ್ಟಿಗೆ ಬಿದ್ದವು. ಹಸಿರು, ಹಸಿರು, ಹಸಿರು, ಕೆಂಪು. ಅವತ್ತಿನ ಅದೇ ಸಾಲು. ಅದರ ಕೆಳಗೆ, ಅವತ್ತು ಯಾರೂ ಓದದೆ ಬಿಟ್ಟಿದ್ದು: ಉಂಟು ಎಂದು ಉತ್ತರ ಬಂದಿರುವುದು ನಾಲ್ವರಿಗೆ.

“ನೋಡಿ ಸರ್. ಕಿಂಡಿ ಮೊದಲು ರೂಮು ಖಾಲಿ ಇದೆಯಾ ಅಂತ ನೋಡುತ್ತೆ. ಆಮೇಲೆ ಹೆಸರು ಬರ್ಕೊಳ್ಳುತ್ತೆ. ಈ ಎರಡರ ಮಧ್ಯೆ ಇನ್ನೊಬ್ಬ ಬಂದು ಕೇಳಿದ್ರೆ ಅವನಿಗೂ ಖಾಲಿ ಅಂತ್ಲೇ ಕಾಣುತ್ತೆ. ಮಾಮೂಲಿ ದಿನ ಯಾರೂ ಬರಲ್ಲ. ದಸರಾದಲ್ಲಿ ಬರ್ತಾರೆ.”

ದೊರೆಸ್ವಾಮಿ ಅವಳ ಪಕ್ಕ ನೆಲದ ಮೇಲೆ ಕೂತರು. ಹಬ್ಬದ ಪಂಚೆ ತೊಡರಿಕೊಂಡಿತು. ಕಿಂಡಿ ಬರೆದವರು ತಾವು ಎಂದು ಈ ಸಲ ಹೇಳಲಿಲ್ಲ. “ಕೊಡಿಲ್ಲಿ,” ಎಂದು ಲ್ಯಾಪ್‌ಟಾಪು ಎಳೆದುಕೊಂಡು ಕಿಂಡಿಯ ಕೋಡನ್ನು ತಿದ್ದತೊಡಗಿದರು.

“ಸ್ಪೇಸ್ ಬಾರ್ ಎಡಗಡೆ ಒತ್ತಿ ಸರ್.”

“ಒತ್ತಿದೆ.”

“ಇನ್ನೂ ಎಡಕ್ಕೆ.”

ಅತ್ತ ಪ್ರದ್ಯುಮ್ನ ಫೋನಿನಲ್ಲಿ, “ನಮಸ್ಕಾರ... ಹೌದು... ಇಲ್ಲ, ನಾನು ಬಿಂದುಶ್ರೀ ಅಲ್ಲ,” ಎನ್ನುತ್ತಿದ್ದ. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡ. ಆಮೇಲೆ, “ಗದಗದವರು ಎಷ್ಟು ಜನ ಇದ್ದಾರೆ ಸರ್?... ಮೇಷ್ಟ್ರಿಗೆ ಮಂಡಿ ನೋವಾ? ಛೇ, ಹಾಗಿದ್ರೆ ಅವರನ್ನ ಮಹಡಿ ಹತ್ತಿಸಬೇಡಿ,” ಎಂದ. ಬೆವರು ಇಳಿಯುತ್ತಲೇ ಇತ್ತು, ಮಾತು ಮಾತ್ರ ನಿಲ್ಲಲಿಲ್ಲ.

ದೊರೆಸ್ವಾಮಿ ಕೋಡಿಗೊಂದು ಬೀಗ ಹಾಕಿದರು: ಒಬ್ಬ ಕಿಂಡಿಯಲ್ಲಿರುವಾಗ ಇನ್ನೊಬ್ಬ ಕಾಯಬೇಕು. ಬಿಂದುಶ್ರೀ ಮತ್ತೆ ಓಡಿಸಿದಳು. ಕೆಂಪು. ಈ ಸಲ ಇಪ್ಪತ್ತು ಜನಕ್ಕೂ ಇಲ್ಲ ಎಂದಿತ್ತು.

“ಬೀಗ ಹಾಕಿದ್ರಿ, ತೆಗೀಲೇ ಇಲ್ಲ ಸರ್.”

“ವಂಶದ ಗುಣ,” ಎಂದ ಪ್ರದ್ಯುಮ್ನ ಆ ಕಡೆಯಿಂದ, ಫೋನಿನ ಬಾಯಿ ಮುಚ್ಚಿಕೊಂಡು.

ವೇದವತಮ್ಮನೇ ಮೊದಲು ನಕ್ಕರು. ಅವರು ನಕ್ಕದ್ದರಿಂದ ಇಂಜಿನಿಯರುಗಳಿಗೂ ಧೈರ್ಯ ಬಂತು. ದೊರೆಸ್ವಾಮಿ ಪಂಚೆ ಸರಿಮಾಡಿಕೊಂಡು ಇನ್ನೆರಡು ಸಾಲು ಬರೆದರು. ಸ್ಪೇಸ್ ಬಾರ್ ಈಗ ಅವರಿಗೆ ಪಳಗಿತ್ತು. ಬಿಂದುಶ್ರೀ ಓಡಿಸಿದಳು.

ಒಬ್ಬನಿಗೆ ಉಂಟು. ಮಿಕ್ಕ ಎಲ್ಲರಿಗೂ ಇಲ್ಲ. ಸಾಲು ಹಸಿರಾಯಿತು. ಕಾಗದದ ಚೂರು ಉದುರಲಿಲ್ಲ, ತುತ್ತೂರಿ ಊದಲಿಲ್ಲ. ನಂಬಿಕೆ ಬಾರದೆ ಅವಳು ಮತ್ತೊಂದು ಸಲ ಓಡಿಸಿದಳು, ಇನ್ನೊಂದು ಸಲ ಕೂಡ. ಹಸಿರು ಹಸಿರಾಗಿಯೇ ಇತ್ತು. ಸುತ್ತ ನಿಂತವರಲ್ಲಿ ಯಾರೋ ಕಡ್ಲೆಪುರಿಯನ್ನು ಮೇಲಕ್ಕೆ ತೂರಿದರು. ಅದು ದೊರೆಸ್ವಾಮಿಯ ತಲೆಯ ಮೇಲೂ ಕೀಬೋರ್ಡಿನ ಮೇಲೂ ಉದುರಿತು. ಬಿಂದುಶ್ರೀ ಆರಿಸಿ ತಿಂದಳು. ಎರಡು ವರ್ಷ ಕಿವಿ ಕಾಯಿಸಿಕೊಂಡದ್ದೆಲ್ಲ ಬಾಯಲ್ಲಿ ಕುರುಕುರು ಎಂದಂತಾಯಿತು.

“ಯಾವ ಬಣ್ಣ ಬಂತು?” ಎಂದು ಕೇಳಿದರು ವೇದವತಮ್ಮ.

“ಹಸಿರು ಅಮ್ಮಾ.”

“ಹೋಗ್ಲಿ ಬಿಡು. ಮುಂದಿನ ಸಲ ಕೆಂಪು ಬರತ್ತೆ.”

ತಿದ್ದಿದ ಕೋಡು ಎಲ್ಲ ಲಾಡ್ಜುಗಳಿಗೂ ಹೋಯಿತು. ಆ ಹೊತ್ತಿಗೆ ಪ್ರದ್ಯುಮ್ನ ಹೆಡ್‌ಫೋನ್ ತೆಗೆದಿಟ್ಟು ಕಿವಿ ತಿಕ್ಕಿಕೊಳ್ಳುತ್ತಿದ್ದ. ಮೇಷ್ಟ್ರ ಸಂಸಾರ ರೂಮಿನಲ್ಲೇ ಉಳಿಯಿತು. ಗದಗದವರನ್ನು ಶಿವಮಲ್ಲಪ್ಪನವರ ಭಾವಮೈದುನನ ಲಾಡ್ಜಿಗೆ ದಾಟಿಸಿದ್ದರು. ಹೊಸ ಜೋಡಿಗೆ ಶಿವಮಲ್ಲಪ್ಪನವರ ಸಿದ್ಧಾರ್ಥನಗರದ ಮನೆಯಲ್ಲೇ ರೂಮು, ಹಬ್ಬದ ಊಟದ ಸಮೇತ.

“ಅವರ ಮನೇಲಿ ಇರಿಸ್ಕೊಳ್ಳೋದಕ್ಕೆ ಹೇಗೋ ಒಪ್ಪಿಸಿದೆ?” ಎಂದಳು ಬಿಂದುಶ್ರೀ.

“ಒಪ್ಪಿಸ್ಲಿಲ್ಲ. ನಿಮ್ಮನೇಲಿ ಒಬ್ಬಟ್ಟಾ ಕಾಯಿಹೋಳಿಗೇನಾ ಅಂತ ಕೇಳ್ದೆ. ಮಾತು ಬೆಳೀತು.”

ಮರುದಿನ ವಿಜಯದಶಮಿ. ಮೆರವಣಿಗೆಗೆ ರಸ್ತೆ ಮುಚ್ಚುವ ಮೊದಲೇ ಎಲ್ಲರೂ ಬಂದು ಸೇರಿದರು, ಪ್ರದ್ಯುಮ್ನನೊಬ್ಬನನ್ನು ಬಿಟ್ಟು. ‘ಕಿವಿ ನೋವು. ಇವತ್ತು ರಜೆ’ ಎಂದು ಅವನ ಮೆಸೇಜು ಬಂದಿತ್ತು.

ವೇದವತಮ್ಮ ಆಯುಧಗಳನ್ನು ಒಂದೊಂದಾಗಿ ಎತ್ತಿ ಕೊಟ್ಟರು. ದೊರೆಸ್ವಾಮಿ ಗಂಟಲು ಸರಿಮಾಡಿಕೊಂಡು, ಅವತ್ತಿನ ಕೆಂಪನ್ನು ತಾವು ಟೂಲಿನ ತಪ್ಪು ಎಂದುಕೊಂಡದ್ದು ಸರಿಯಲ್ಲ ಎಂಬರ್ಥದ ಒಂದು ವಾಕ್ಯವನ್ನು ಯಾರ ಕಡೆಯೂ ನೋಡದೆ ಹೇಳಿದರು. “ಇನ್ಮೇಲೆ ಚಿಟ್. ಟೆಸ್ಟಿಂಗು ಬಿಂದುಶ್ರೀದು,” ಎಂದರು.

“ಹಾಗಿದ್ರೆ ಅದಕ್ಕೂ ಕುಂಕುಮ ಬೀಳ್ಬೇಕು. ಪಾಪ, ನಿನ್ನೆ ಅದೊಂದೇ ದುಡೀತು,” ಎಂದು ವೇದವತಮ್ಮ ಬಿಂದುಶ್ರೀಯ ಲ್ಯಾಪ್‌ಟಾಪು ಇಸಿದುಕೊಂಡು, ಸೀರೆಯ ಮೇಲೆ ನಡುಮಧ್ಯ ಇಟ್ಟು, ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದರು. “ನಾಳೆ ಬೆಳಿಗ್ಗೆ ತನಕ ಮುಟ್ಟಕೂಡದು.”

ಬಿಂದುಶ್ರೀ ಅದನ್ನು ನೋಡುತ್ತಾ ನಿಂತಿದ್ದಳು. ಹೂ ಹೊತ್ತ ಆ ಮುರುಕಲು ಯಂತ್ರ ಮದುಮಗಳಿಗಿಂತ ಗತ್ತಿನಲ್ಲಿತ್ತು. ಆಗ ಫೋನ್ ಹೊಡೆದುಕೊಂಡಿತು.

ಯಾರೂ ಅಲ್ಲಾಡಲಿಲ್ಲ. ದೊರೆಸ್ವಾಮಿ ಪ್ರದ್ಯುಮ್ನನ ಖಾಲಿ ಕುರ್ಚಿಯನ್ನು ನೋಡಿದರು, ಆಮೇಲೆ ಬಿಂದುಶ್ರೀಯನ್ನು.

“ಹೇಗೂ ನಿನ್ನ ಲ್ಯಾಪ್‌ಟಾಪು ಪೂಜೇಲಿದೆ. ಇವತ್ತೊಂದಿನ ಫೋನ್ ನೋಡ್ಕೊಂಡ್ಬಿಡಮ್ಮ. ಪ್ರದ್ಯುಮ್ನ ಬರೋವರೆಗೆ. ಹೆಚ್ಚೂಂದ್ರೆ ಒಂದು ವಾರ.”

ಒಂದು ವಾರ. ಆ ಮಾತು ಅವಳಿಗೆ ಪರಿಚಯದ್ದು.

ಬಿಂದುಶ್ರೀ ಆರತಿ ತಟ್ಟೆಯ ಹತ್ತಿರ ಹೋಗಿ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದಳು. ಫೋನಿನ ಮೇಜಿಗೆ ಬಂದು ಹೆಡ್‌ಫೋನಿನ ಎಡಗಿವಿಗೊಂದು ಬೊಟ್ಟು ಇಟ್ಟಳು, ಬಲಗಿವಿಗೊಂದು ಇಟ್ಟಳು. ಮುಡಿಯಲ್ಲಿದ್ದ ಸೇವಂತಿಗೆಯನ್ನು ತೆಗೆದು ನಡುವೆ ಸಿಕ್ಕಿಸಿದಳು. ಆಮೇಲೆ ವೇದವತಮ್ಮನವರ ಕಡೆ ತಿರುಗಿದಳು.

“ಇದೂ ಆಯುಧಾನೇ ಅಲ್ವಾಮ್ಮ?”

ವೇದವತಮ್ಮ ಹೆಡ್‌ಫೋನನ್ನು ನೋಡಿದರು. ಬಿಂದುಶ್ರೀಯ ಕೆಂಪು ಬೆರಳನ್ನು ನೋಡಿದರು. ಕೊನೆಗೆ ಮಗನನ್ನು ನೋಡಿದರು.

“ಪೂಜೆ ಆಗಿದೆ ಕಣೋ,” ಎಂದರು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಇಂಜಿನಿಯರುಗಳಿಗೆಲ್ಲ ಇದ್ದಕ್ಕಿದ್ದಂತೆ ತಮ್ಮ ಲ್ಯಾಪ್‌ಟಾಪಿನಲ್ಲಿ ತುರ್ತು ಕೆಲಸ ಕಾಣಿಸಿತು. ದೊರೆಸ್ವಾಮಿ ನಿಧಾನಕ್ಕೆ ಮೇಜಿನ ಹತ್ತಿರ ಬಂದು, ಹೆಡ್‌ಫೋನಿಗೆ ಕೈ ತಾಗದಂತೆ ಒಂದೇ ಬೆರಳಿನಿಂದ ಸ್ಪೀಕರ್ ಗುಂಡಿ ಒತ್ತಿ ಬಗ್ಗಿದರು.

“ನಮಸ್ಕಾರ, ರೂಮುಂಟು, ನಾನು... ದೊರೆಸ್ವಾಮಿ ಮಾತಾಡ್ತಿದ್ದೀನಿ.”

“ಯಾವ್ ದೊರೆಸ್ವಾಮಿ?” ಎಂದಿತು ಶಿವಮಲ್ಲಪ್ಪನವರ ಧ್ವನಿ ಇಡೀ ಮಹಡಿಗೆ ಕೇಳುವಂತೆ. “ನಿನ್ನೆ ಇದ್ನಲ್ಲ, ಹೋಳಿಗೆ ಕೇಳಿದ ಹುಡುಗ, ಅವನ್ನ ಕೊಡಿ. ಇನ್ಮೇಲೆ ಫೋನ್ಗೆ ನಂಗೆ ಅವನೇ ಆಗ್ಬೇಕು.”

“ನಾಳೆಯಿಂದ ಅವನೇ ಇರ್ತಾನೆ ಸರ್,” ಎಂದರು ದೊರೆಸ್ವಾಮಿ, ಬಗ್ಗಿದಲ್ಲಿಂದಲೇ. “ಇವತ್ತು ಕಿವಿ ನೋವಂತೆ.”

“ಕಿವಿಗೆ ಬೆಳ್ಳುಳ್ಳಿ ಎಣ್ಣೆ ಕಾಯ್ಸಿ ಬುಡೋಕೆ ಹೇಳಿ. ಅಂಗೇ, ಟವೆಲ್ ಇಚಾರ ಒಂದದೆ, ಬರ್ಕೊಳಿ.”

ಬರೆದುಕೊಳ್ಳಲು ದೊರೆಸ್ವಾಮಿ ಪೆನ್ನು ಹುಡುಕತೊಡಗಿದರು. ಬಿಂದುಶ್ರೀ ಮೇಜಿನ ಮೇಲಿನ ಕಡ್ಲೆಪುರಿಯನ್ನು ಎರಡೂ ಕೈಯಲ್ಲಿ ಮೊಗೆದುಕೊಂಡು ಮೆಟ್ಟಿಲಿಳಿದಳು. ಕೈ ಖಾಲಿಯಿಲ್ಲದ್ದರಿಂದ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ, ಎಡಬಲ ಅದಲುಬದಲಾಗಿ ಮೆಟ್ಟಿಕೊಂಡು, ಆನೆ ಬರುವ ರಸ್ತೆಯ ಕಡೆ ಹೊರಟ ಜನರ ಹಿಂದೆ ನಡೆದಳು.